ಬಿಟ್ಟುಹೋದ ಭಾವಚಿತ್ರ



ಸ್ಮರಣ ಸಂಚಿಕೆ ಹೊರಡುವಾಗ ಮುಖ್ಯಾಧ್ಯಾಪಿಕೆಯು ನಾಲ್ಕು ಹಿತವಚನಗಳನ್ನು ಬರೆಯಬೇಕೆಂಬದು ನಮ್ಮ ಶಾಲೆಯ ರೂಢಿ. ನನಗಿಂತ ಮೊದಲು ಈ ಸ್ಥಾನದಲ್ಲಿದ್ದ ಹಿರಿಯರು ಶಿಸ್ತು, ಶುಚಿತ್ವ, ಕಸೂತಿ, ಗೃಹಕೃತ್ಯ ಮುಂತಾದ ವಿಷಯಗಳನ್ನು ಕುರಿತು ಬರೆದು ನಮಗೆ ದಾರಿ ತೋರಿಸಿ ಹೋಗಿರುವರು. ಈ ಸಾರೆ ನಾನು ಲೇಖಣಿ ಹಿಡಿದದ್ದು ಉಪದೇಶ ಮಾಡುವದಕ್ಕಲ್ಲ. ಹಿಂದಿನ ಸಂಚಿಕೆಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನು ಈ ಪುಟಗಳಲ್ಲಿಯೇ ಒಪ್ಪಿಕೊಳ್ಳಬೇಕೆಂದು ಬರೆಯುತ್ತಿರುವೆನು.

೨೦೧೮ರಲ್ಲಿ ಹಿಂದಿನ ಸಂಚಿಕೆಯ ಸಿದ್ಧತೆ ನಡೆದಿದ್ದಾಗ, ‘ನಮ್ಮ ಹಳೆಯ ವಿದ್ಯಾರ್ಥಿನಿಯರು’ ಎಂಬ ಪುಟಕ್ಕಾಗಿ ಭಾವಚಿತ್ರಗಳನ್ನು ಕಳಿಸಬೇಕೆಂದು ಎಲ್ಲರಿಗೂ ಅರಿಕೆ ಮಾಡಿಕೊಂಡಿದ್ದೆವು. ದಾದಿಯರಾದವರು, ಶಿಕ್ಷಕಿಯರಾದವರು, ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು ಸಂತೋಷದಿಂದ ಕಳಿಸಿಕೊಟ್ಟರು. ಒಂದು ದಿವಸ ಮಧ್ಯಾಹ್ನ ಒಬ್ಬ ತರುಣಿಯು ತಾನೇ ಲಕೋಟೆ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಇಲ್ಲಿ ಆಕೆಯ ಹೆಸರನ್ನು ಬರೆಯುವದಿಲ್ಲ. ಆಕೆಯ ಜೊತೆಯವರಿಗೆ ಗುರುತು ಹತ್ತದೆ ಇರದು. ಹುನಗುಂದಕ್ಕೂ ಇಳಕಲ್ಲಿಗೂ ನಡುವಿನ ಒಂದು ಹಳ್ಳಿಯವಳು. ತಂದೆಯಿಲ್ಲ. ತಾಯಿ ಹೊಲದ ಕೂಲಿಗೆ ಹೋಗುವಳು. ಕೂಲಿ ದೊರೆಯದ ದಿವಸ ಇಳಕಲ್ಲಿನ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವಳು. ನಮ್ಮ ವಸತಿಗೃಹದಲ್ಲಿದ್ದು ಓದಿದ ಹುಡುಗಿ. ತಿಂಗಳಿಗೊಮ್ಮೆ ಜೋಳದ ಚೀಲಗಳು ಬಂದಾಗ, ಆಳಿನ ದಾರಿ ಕಾಯದೆ ತಾನೇ ಬೆನ್ನು ಕೊಟ್ಟು ಉಗ್ರಾಣಕ್ಕೆ ಸಾಗಿಸುತ್ತಿದ್ದಳು. ‘ಕೆಲಸಕ್ಕೆ ಹಿಂಜರಿಯದ ಹುಡುಗಿ’ ಎಂದು ನಾವೆಲ್ಲ ಅವಳನ್ನು ಹೊಗಳಿದ್ದುಂಟು.

ಲಕೋಟೆಯನ್ನು ಬಿಚ್ಚಿ ನೋಡಿದೆನು. ರಂಗದ ಮೇಲೆ, ದೀಪಗಳ ಬೆಳಕಿನಲ್ಲಿ ಆಕೆ ಎರಡೂ ತೋಳುಗಳನ್ನು ಮಡಿಚಿ ಮೇಲೆತ್ತಿ, ಬೆನ್ನು ತಿರುಗಿಸಿ ನಿಂತಿದ್ದಳು. ಹೆಗಲು, ಬೆನ್ನು, ತೋಳುಗಳ ಸ್ನಾಯುಗಳೆಲ್ಲ ಎದ್ದು ಕಾಣುತ್ತಿದ್ದವು. ಮೈಮೇಲೆ ಸ್ಪರ್ಧೆಯ ಉಡುಪು ಮಾತ್ರ; ಅದು ಈಜುವವರ ಉಡುಪಿಗಿಂತಲೂ ಚಿಕ್ಕದು. ರಾಜ್ಯದ ದೇಹದಾರ್ಢ್ಯ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದಳಂತೆ. ನಾನು ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿದೆನು.

“ಇದು ನಮ್ಮ ಪುಟಕ್ಕೆ ಒಪ್ಪುವದಿಲ್ಲ, ತಂಗೀ. ಸೀರೆ ಉಟ್ಟ ಚಿತ್ರವಿದ್ದರೆ ತಂದುಕೊಡು” ಎಂದೆನು.

“ಇದರಾಗ ತಪ್ಪೇನೈತ್ರಿ, ಅಕ್ಕೋರ?” ಎಂದು ಕೇಳಿದಳು. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಗಣಿತದ ಲೆಕ್ಕ ಎಲ್ಲಿ ತಪ್ಪಿತೆಂದು ಕೇಳಿದಂತೆಯೇ ಇತ್ತು.

ನಾನು ಉತ್ತರ ಕೊಡಲಿಲ್ಲ. ಆಕೆ ಸ್ವಲ್ಪ ಹೊತ್ತು ನಿಂತು, “ಆಗಲಿ ಬಿಡ್ರಿ” ಎಂದು ಲಕೋಟೆಯನ್ನು ತೆಗೆದುಕೊಂಡು ಹೋದಳು. ಸಂಚಿಕೆ ಹೊರಟಿತು. ಅದರಲ್ಲಿ ಆಕೆಯ ಚಿತ್ರವೂ ಇರಲಿಲ್ಲ, ಹೆಸರೂ ಇರಲಿಲ್ಲ. ನಮ್ಮ ದೇಹವು ದೇವರ ಆಲಯವೆಂದು ಪೌಲನ ಪತ್ರಿಕೆಯನ್ನು ಮಕ್ಕಳಿಂದ ಎಷ್ಟೋ ಸಾರೆ ಓದಿಸಿದವಳು ನಾನು. ಆದರೂ ಆ ಆಲಯವನ್ನು ಇಷ್ಟು ಶ್ರಮದಿಂದ ಕಟ್ಟಿಕೊಂಡು ಬಂದವಳಿಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ.

ನಾಲ್ಕು ವರ್ಷ ಕಳೆದವು. ೨೦೨೨ರ ಡಿಸೆಂಬರದಲ್ಲಿ ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ ಪ್ರವಾಸ ಹೋಗಿದ್ದೆವು. ಗುಹೆಗಳನ್ನು ನೋಡಿ ಇಳಿಯುವಾಗ ಮೆಟ್ಟಿಲಮೇಲೆ ನನ್ನ ಕಾಲು ಜಾರಿತು. ಬಿದ್ದದ್ದು ಹೆಚ್ಚೇನೂ ಎತ್ತರದಿಂದಲ್ಲ. ಆದರೂ ಊರಿದ ಕೈಯ ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿದ ಮೇಲೆ ವೈದ್ಯರು ಎಲುಬಿನ ಪರೀಕ್ಷೆ ಮಾಡಿಸಿ, ನನ್ನ ವಯಸ್ಸಿಗೆ ಇರಬೇಕಾದುದಕ್ಕಿಂತ ಎಲುಬುಗಳು ತೆಳುವಾಗಿರುವವೆಂದು ತಿಳಿಸಿದರು. ಎಲುಬು ಕಲ್ಲಿನಂತೆ ಜಡವಾದ ವಸ್ತುವಲ್ಲವೆಂದೂ, ಸುಮಾರು ಮೂವತ್ತು ವರ್ಷದ ವರೆಗೆ ಅದು ಗಟ್ಟಿಯಾಗುತ್ತ ಹೋಗಿ ಆಮೇಲೆ ನಿಧಾನವಾಗಿ ಸವೆಯುವದೆಂದೂ, ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಆ ಸವೆತವು ಬೇಗನೆ ಆಗುವದೆಂದೂ ವಿವರಿಸಿದರು. ಸ್ನಾಯುವು ಭಾರವನ್ನೆಳೆಯುವಾಗ ಎಲುಬಿನ ಮೇಲೆ ಒತ್ತಡ ಬೀಳುವದು. ಆ ಒತ್ತಡವೇ ಎಲುಬಿಗೆ ‘ಗಟ್ಟಿಯಾಗು’ ಎಂದು ಹೇಳಿಕಳಿಸಿದಂತೆ. “ಔಷಧ ಕೊಡುತ್ತೇನೆ. ಆದರೆ ಅದರ ಜೊತೆಗೆ, ತಿಳಿದವರ ಕೈಕೆಳಗೆ, ಭಾರ ಎತ್ತುವ ವ್ಯಾಯಾಮವನ್ನು ಕಲಿಯಿರಿ” ಎಂದರು.

ಬಾಗಲಕೋಟೆಯಲ್ಲಿ, ಹಳೆಯ ಊರಿನ ಒಂದು ಭಾಗ ಆಲಮಟ್ಟಿಯ ಹಿನ್ನೀರಿಗೆ ಸೇರಿದ ಮೇಲೆ ಬೆಳೆದ ನವನಗರದಲ್ಲಿ, ಈಗ ವ್ಯಾಯಾಮಶಾಲೆಗಳಿಗೆ ಕೊರತೆಯಿಲ್ಲ. ಹೆಂಗಸರಿಗಾಗಿ ಬೇರೆ ವೇಳೆಯಿಟ್ಟು, ಹೆಂಗಸೇ ಕಲಿಸುವ ಸ್ಥಳ ಎಲ್ಲಿರುವದೆಂದು ವಿಚಾರಿಸಿದಾಗ, ಕೇಳಿದವರೆಲ್ಲ ಒಂದೇ ಹೆಸರನ್ನು ಹೇಳಿದರು. ಯಾರಿಗೆ ನಾನು ಪುಟದಲ್ಲಿ ಅಂಗೈಯಷ್ಟು ಜಾಗ ಕೊಡಲಿಲ್ಲವೋ, ಆಕೆಯ ಬಾಗಿಲಿಗೆ ಹೋಗಿ ನಿಂತೆನು.

ಆಕೆ ಹಳೆಯ ಮಾತನ್ನು ಎತ್ತಲೇ ಇಲ್ಲ. “ಬರ್ರಿ ಅಕ್ಕೋರ, ಕೈ ತೋರಸ್ರಿ” ಎಂದು ಮಣಿಕಟ್ಟನ್ನು ಹಿಡಿದು ನೋಡಿದಳು. ಮೊದಲ ಒಂದು ತಿಂಗಳು ನನ್ನ ಕೈಗೆ ಬರಿಯ ಕೋಲನ್ನು ಕೊಟ್ಟು, ಕೂಡ್ರುವದು, ಏಳುವದು, ಸೊಂಟದಿಂದ ಬಾಗುವದು ಇಷ್ಟನ್ನೇ ಮಾಡಿಸಿದಳು. ಬೆನ್ನು ಬಗ್ಗಿದರೆ, “ಬೆನ್ನ ನೆಟ್ಟಗ, ಅಕ್ಕೋರ” ಎನ್ನುವಳು. ಪ್ರಾರ್ಥನೆಯ ವೇಳೆಯಲ್ಲಿ ಸಾಲಿನ ಮುಂದೆ ನಿಂತು ನಾನು ಅವಳಿಗೆ ಹೇಳುತ್ತಿದ್ದ ಮಾತೇ ಅದು. ಆಮೇಲೆ ಎರಡು ಕಿಲೋದ ಡಂಬೆಲ್ಲು. ಅದರ ಮುಂದೆ ಹೆಂಗಸರ ಹದಿನೈದು ಕಿಲೋದ ಕಬ್ಬಿಣದ ಸರಳು. ಸ್ನಾಯುವಿಗೆ ಎಂದಿಗಿಂತ ಸ್ವಲ್ಪವೇ ಹೆಚ್ಚಿನ ಕೆಲಸ ಕೊಟ್ಟರೆ ಅದು ದಣಿಯುವದು. ತಕ್ಕ ಆಹಾರ, ನಿದ್ರೆಗಳನ್ನು ಕೊಟ್ಟರೆ ದುರಸ್ತಿಯಾಗಿ ಮೊದಲಿಗಿಂತ ತುಸು ಬಲವಾಗಿ ಏಳುವದು. ಆದ್ದರಿಂದ ಭಾರವನ್ನು ಹಟಾತ್ತಾಗಿ ಅಲ್ಲ, ಹಂತಹಂತವಾಗಿ ಏರಿಸಬೇಕು. ಪಾಠ ಹೇಳುವ ಕ್ರಮವೂ ಇದೇ ಅಲ್ಲವೇ? ಪ್ರತಿಯೊಬ್ಬಳ ಹೆಸರಿನಲ್ಲಿ ಒಂದೊಂದು ನೋಟುಪುಸ್ತಕ, ಅದರಲ್ಲಿ ತಾರೀಖು, ಭಾರ, ಎಷ್ಟು ಸಾರೆ ಎತ್ತಿದಳೆಂಬ ಲೆಕ್ಕ. ಅಕ್ಷರಗಳು ಮುತ್ತಿನಂತಿದ್ದವು. ನಾನು ಮೆಚ್ಚಿದಾಗ, “ನೀವ ಕಲಿಸಿದ್ದರಿ” ಎಂದಳು. ಹನ್ನೊಂದು ತಿಂಗಳ ತರುವಾಯ ನಾನು ನಾಲ್ವತ್ತು ಕಿಲೋ ಭಾರವನ್ನು ನೆಲದಿಂದ ಎತ್ತಿ ನೆಟ್ಟಗೆ ನಿಂತೆನು. ನಾಲ್ವತ್ತೈದರ ಹೊಸ್ತಿಲಲ್ಲಿದ್ದ ನನಗೆ ಅಂದು ಆದ ಆನಂದವನ್ನು ಬರೆಯುವದಕ್ಕೆ ಸಂಕೋಚವಾಗುವದು.

ಇದು ನಮ್ಮ ಸೀಮೆಗೆ ಸಲ್ಲದ ವಿದ್ಯೆಯೆಂದೂ, ಹೆಣ್ಣಿಗಂತೂ ಒಗ್ಗದ್ದೆಂದೂ ಅಲ್ಲಿಯವರೆಗೆ ನಾನು ತಿಳಿದಿದ್ದೆನು. ಈಗ ಓದಿ, ವಿಚಾರಿಸಿ ನೋಡಿದೆನು. ನಮ್ಮ ಊರೂರಿಗೆ ಗರಡಿಮನೆಗಳಿದ್ದವು. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೂ ತುಂಬಿದ ಚೀಲವನ್ನೂ ಎತ್ತುವ ಪಂದ್ಯಗಳು ಇಂದಿಗೂ ನಡೆಯುವವು. ಎತ್ತುವವರು ಗಂಡಸರು, ಹೆಂಗಸರು ದೂರ ನಿಂತು ನೋಡುವರು. ಆದರೆ ಹೆಣ್ಣಿನ ಬಲವನ್ನು ನಮ್ಮ ನಾಡು ಅರಿಯದೆ ಇರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಟ್ಟದಕಲ್ಲಿನ ಸುತ್ತಣ ಕಿಸುಕಾಡು ನಾಡನ್ನು ಆಳಿದವಳು ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ. ಆಕೆ ಗೋಕಾವಿಯ ಕೋಟೆಗೆ ತಾನೇ ಮುತ್ತಿಗೆ ಹಾಕಿದಳು. ಯುದ್ಧದಲ್ಲಿ ಆಕೆಯನ್ನು ಭೈರವಿಗೆ ಹೋಲಿಸಿ ಶಾಸನವು ಹೊಗಳಿರುವದು. ಹುನಗುಂದ ತಾಲೂಕಿನ ಐಹೊಳೆಯಲ್ಲಿ, ದುರ್ಗದ ಗುಡಿಯ ಸುತ್ತಾಲೆಯಲ್ಲಿರುವ ಮಹಿಷಮರ್ದಿನಿಯ ಶಿಲ್ಪವನ್ನು ನಾನು ಪ್ರವಾಸದಲ್ಲಿ ಎಷ್ಟು ಸಾರೆ ಮಕ್ಕಳಿಗೆ ತೋರಿಸಿಲ್ಲ! ಶಿಲ್ಪಿಯ ಕೈಚಳಕವನ್ನು ಹೊಗಳಿದ ನನಗೆ, ಆ ಹೆಣ್ಣಿನ ಬಲವೂ ಹೊಗಳತಕ್ಕದ್ದೆಂದು ಹೊಳೆದಿರಲಿಲ್ಲ.

ಇನ್ನು ದೇಹದಾರ್ಢ್ಯದ ಮಾತು. ೧೯೦೪-೦೫ರಲ್ಲಿ ಯೂಜಿನ್ ಸ್ಯಾಂಡೊ ಎಂಬ ಬಲಶಾಲಿ ಹಿಂದೂದೇಶದಲ್ಲಿ ಸಂಚರಿಸಿ ಪ್ರದರ್ಶನ ಕೊಟ್ಟ ಮೇಲೆ ಈ ವಿದ್ಯೆಗೆ ನಮ್ಮಲ್ಲಿ ಹೊಸ ಉತ್ಸಾಹ ಬಂದಿತು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರ ಹೆಸರು ದೇಶದ ಹೊರಗೂ ಪ್ರಸಿದ್ಧವಾಯಿತು. ‘ಶಾಂತಲಾ’ ಎಂಬ ಕಾದಂಬರಿಯನ್ನು ಬರೆದವರೂ ಅವರೇ; ಸ್ನಾಯುವನ್ನು ಬೆಳೆಸಿದ ಕೈಯೇ ಕನ್ನಡದ ಒಂದು ಸೊಗಸಾದ ಕಥೆಯನ್ನು ಬರೆಯಿತು. ಬಂಗಾಲದ ರೇಬಾ ರಕ್ಷಿತ್ ಎಂಬಾಕೆ, ಬಿಷ್ಣು ಚರಣ ಘೋಷರ ಶಿಷ್ಯೆ, ೧೯೫೦ರ ದಶಕದಲ್ಲಿ ಸರ್ಕಸ್ಸಿನ ರಂಗದಲ್ಲಿ ತನ್ನ ಎದೆಯ ಮೇಲೆ ಆನೆಯನ್ನು ನಡೆಯಿಸಿಕೊಂಡಳು. ಹೆಂಗಸರ ದೇಹದಾರ್ಢ್ಯದಲ್ಲಿ ‘ಮಿಸ್ ಒಲಿಂಪಿಯಾ’ ಎಂಬ ದೊಡ್ಡ ಸ್ಪರ್ಧೆ ಮೊದಲಾದದ್ದು ೧೯೮೦ರಲ್ಲಿ. ಮೊದಲನೆಯ ಸಾರೆ ಗೆದ್ದವಳು ಅಮೇರಿಕದ ರೇಚಲ್ ಮೆಕ್ಲಿಶ್. ಭಾರ ಎತ್ತುವ ಕ್ರೀಡೆಯಲ್ಲಿ ನಮ್ಮ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿಯವರು ೨೦೦೦ದಲ್ಲಿ ಸಿಡ್ನಿಯಲ್ಲಿ ಒಟ್ಟು ೨೪೦ ಕಿಲೋ ಎತ್ತಿ ಕಂಚಿನ ಪದಕ ಪಡೆದರು. ಒಲಿಂಪಿಕ್ ಪದಕ ಪಡೆದ ಭಾರತದ ಮೊದಲನೆಯ ಮಹಿಳೆ ಅವರೇ. ರಾಜಸ್ಥಾನದ ಪ್ರಿಯಾ ಸಿಂಗ್ ಎಂಬಾಕೆ ಬಾಲ್ಯದಲ್ಲಿಯೇ ಮದುವೆಯಾಗಿ, ಇಬ್ಬರು ಮಕ್ಕಳ ತಾಯಿಯಾಗಿ, ಹೊಟ್ಟೆಪಾಡಿಗೆ ವ್ಯಾಯಾಮಶಾಲೆಯ ಕೆಲಸಕ್ಕೆ ಸೇರಿದವಳು. ೨೦೨೨ರಲ್ಲಿ ಥಾಯ್ಲಂಡಿನಲ್ಲಿ ನಡೆದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದಳು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹತ್ತನೆಯ ಇಯತ್ತೆ ಮುಗಿಯುವ ಮೊದಲೇ ಮದುವೆಯ ಮಾತಿಗೆ ಸಿಕ್ಕಿದ ಎಷ್ಟೋ ಹುಡುಗಿಯರ ಮುಖಗಳು ನನಗೆ ಆಗ ನೆನಪಾದವು.

ಆದರೆ ಪಾಲಕರಿಂದ ಯಾವದನ್ನೂ ಮುಚ್ಚಿಡಲಾರೆನು. ಬಲಕ್ಕಾಗಿ ವ್ಯಾಯಾಮ ಮಾಡುವದು ಬೇರೆ, ಸ್ಪರ್ಧೆಗಾಗಿ ಮೈ ಸಿದ್ಧಪಡಿಸುವದು ಬೇರೆ. ದೇಹದಾರ್ಢ್ಯದ ರಂಗದಲ್ಲಿ ಯಾರೂ ಭಾರ ಎತ್ತುವದಿಲ್ಲ. ಸ್ನಾಯುಗಳ ಬೆಳವಣಿಗೆ, ಅಂಗಾಂಗಗಳ ಹೊಂದಿಕೆ, ಚರ್ಮದ ಕೆಳಗೆ ಕೊಬ್ಬು ಕರಗಿ ಸ್ನಾಯುಗಳು ಸ್ಪಷ್ಟವಾಗಿ ಕಾಣುವದು, ನಿಲುವಿನ ಚೆಲುವು ಇವುಗಳನ್ನು ಪಂಚರು ನೋಡುವರು. ಉಡುಪು ಚಿಕ್ಕದಾಗಿರುವದಕ್ಕೆ ಕಾರಣವೂ ಇದೇ. ಮುಚ್ಚಿದ್ದನ್ನು ಅಳೆಯುವದು ಹೇಗೆ? ದೀಪಗಳ ಬೆಳಕಿನಲ್ಲಿ ಸ್ನಾಯುಗಳು ಸ್ಪಷ್ಟವಾಗಿ ಕಾಣಬೇಕೆಂದು, ಸ್ಪರ್ಧೆಯ ದಿವಸ ಮೈಗೆಲ್ಲ ಕಂದುಬಣ್ಣ ಬಳಿದುಕೊಳ್ಳುವರು. ಬೆಳ್ಳಗಾಗುವದಕ್ಕೆ ಏನೇನನ್ನೋ ಹಚ್ಚಿಕೊಳ್ಳುವ ನಮ್ಮ ಹುಡುಗಿಯರಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ.

ಸ್ಪರ್ಧೆಗೆ ಮೊದಲು ಮೂರು ನಾಲ್ಕು ತಿಂಗಳು ಆಹಾರವನ್ನು ತೂಗಿ ತಿನ್ನಬೇಕು. ಇಂಥ ಕಸರತ್ತು ಮಾಡುವವರಿಗೆ ತೂಕದ ಕಿಲೋ ಒಂದಕ್ಕೆ ಸುಮಾರು ಒಂದೂವರೆ ಗ್ರಾಮಿಗಿಂತ ಮೇಲ್ಪಟ್ಟು ಪ್ರೋಟೀನು ಬೇಕಾಗುವದು. ಒಂದು ತತ್ತಿಯಲ್ಲಿ ಆರು ಗ್ರಾಮು. ನೂರು ಗ್ರಾಮು ಶೇಂಗಾದಲ್ಲಿ ಸುಮಾರು ಇಪ್ಪತ್ತೈದು. ರೊಟ್ಟಿ, ಮೊಳಕೆ ಬಂದ ಹೆಸರು, ಮಡಕಿಕಾಳು, ಮೊಸರು, ತತ್ತಿ ಇವುಗಳಲ್ಲಿಯೇ ಆಕೆ ಬಹಳ ದಿನ ನಿಭಾಯಿಸಿದಳು. ಆದರೆ ಒಂದು ಸ್ಪರ್ಧೆಗೆ ಮೊದಲು ಅತಿಯಾಗಿ ತೂಕ ಇಳಿಸಲು ಹೋಗಿ ಮುಟ್ಟೇ ನಿಂತುಹೋಯಿತೆಂದು ನನ್ನ ಮುಂದೆ ಹೇಳಿದಳು. ಅದು ದೇಹವು ಕೊಡುವ ಎಚ್ಚರಿಕೆ. ಅದನ್ನು ಲಕ್ಷಿಸದೆ ಮುಂದುವರಿದರೆ ಎಲುಬೇ ತೆಳುವಾಗುವದು. ನನ್ನ ಎಲುಬನ್ನು ಗಟ್ಟಿ ಮಾಡುತ್ತಿದ್ದವಳು ತನ್ನದನ್ನು ಕಳೆದುಕೊಳ್ಳುತ್ತಿದ್ದಳು! ವೈದ್ಯರ ಮಾತಿನಂತೆ ಆ ವರ್ಷದ ಸ್ಪರ್ಧೆಯನ್ನು ಬಿಟ್ಟು, ಹೊಟ್ಟೆತುಂಬ ಉಂಡು ಸುಧಾರಿಸಿಕೊಂಡಳು. ಬೇಗನೆ ಸ್ನಾಯು ಬೆಳೆಯುವ ಸೂಜಿಮದ್ದನ್ನು ಕೊಡುವೆನೆಂದು ಒಬ್ಬನು ಆಸೆ ಹಚ್ಚಿದ್ದನಂತೆ. ಅಂಥ ಮದ್ದುಗಳಿಂದ ಹೆಂಗಸಿನ ಧ್ವನಿ ಗಡಸಾಗುವದು, ಮುಖದ ಮೇಲೆ ಕೂದಲು ಹುಟ್ಟುವವು. ಮದ್ದು ಬಿಟ್ಟರೂ ಧ್ವನಿ ತಿರುಗಿ ಮೊದಲಿನಂತಾಗದು. ಆಕೆ ಅದನ್ನು ಮುಟ್ಟಲಿಲ್ಲ. ಮದ್ದು ಮುಟ್ಟದ ಹೆಂಗಸು ಭಾರ ಎತ್ತಿದ ಮಾತ್ರಕ್ಕೆ ಗಂಡಸಿನಂತಾಗುವಳೆಂಬ ಭಯವು ನಿರಾಧಾರವಾದದ್ದು. ಸ್ನಾಯುವನ್ನು ಉಬ್ಬಿಸುವ ಟೆಸ್ಟೋಸ್ಟೆರಾನ್ ಎಂಬ ರಸವು ಹೆಂಗಸಿನ ದೇಹದಲ್ಲಿ ಗಂಡಸಿನದಕ್ಕಿಂತ ಎಷ್ಟೋ ಪಾಲು ಕಡಿಮೆಯಿರುವದು.

೨೦೨೪ರಲ್ಲಿ ಆಕೆ ತಿರುಗಿ ರಂಗವನ್ನೇರಿದಳು. ಸ್ಪರ್ಧೆ ಹುಬ್ಬಳ್ಳಿಯಲ್ಲಿ. “ನೀವು ಬರ್ತೀರೇನ್ರಿ?” ಎಂದು ಸಂಕೋಚದಿಂದ ಕೇಳಿದಳು, ಹೋದೆನು. ನನ್ನ ಪಕ್ಕದಲ್ಲಿ ಆಕೆಯ ತಾಯಿ ಕೂತಿದ್ದಳು. ಕೆಂಪು ಸೆರಗಿನ ಇಳಕಲ್ ಸೀರೆಯನ್ನು ತಲೆತುಂಬ ಹೊದ್ದು, ಮೊಣಕಾಲ ಮೇಲೆ ಕೈಗಳನ್ನಿಟ್ಟುಕೊಂಡು ಆಕೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ತಾಯಿ ಏನೆಂದುಕೊಳ್ಳುವಳೋ ಎಂದು ನನಗೇ ಅಂಜಿಕೆಯಾಗಿತ್ತು. ಹೆಂಗಸರ ವರ್ಗದಲ್ಲಿ ಐವರೇ ಇದ್ದರು. ಪಂಚರು ಹೇಳಿದಂತೆ ಎದುರಿಗೆ ನಿಂತರು, ಪಕ್ಕಕ್ಕೆ ತಿರುಗಿದರು. ಕಡೆಗೆ ಬೆನ್ನು ತೋರಿಸಿ ತೋಳುಗಳನ್ನೆತ್ತಿದರು. ನಾನು ಮೇಜಿನ ಮೇಲೆ ಬೋರಲು ಹಾಕಿದ್ದ ಚಿತ್ರವೇ ಕಣ್ಣೆದುರಿಗೆ ಬಂದು ನಿಂತಿತು. ಆಗ ತಾಯಿ ನನ್ನ ಕಡೆಗೆ ಬಾಗಿ, ಮೆಲ್ಲಗೆ ಹೇಳಿದಳು:

“ಆ ಬೆನ್ನ ನಂದ ಐತ್ರಿ, ಅಕ್ಕೋರ.”

ನಾನು ಆಕೆಯ ಕಡೆಗೆ ನೋಡಿದೆನು. ಜೋಳದ ಸಿವುಡುಗಳನ್ನೂ, ಹತ್ತಿಯ ಮೂಟೆಗಳನ್ನೂ, ನೀರಿನ ಕೊಡಗಳನ್ನೂ ಬಾಳಿನುದ್ದಕ್ಕೂ ಹೊತ್ತ ಆ ಬೆನ್ನು ಈಗ ಬಾಗಿಹೋಗಿತ್ತು. ಅದು ಹೇಗಿತ್ತೆಂಬದನ್ನು ಯಾರೂ ಎಂದೂ ಲಕ್ಷ್ಯವಿಟ್ಟು ನೋಡಿರಲಿಲ್ಲ. ಸ್ವತಃ ಆಕೆಯೂ ನೋಡಿಕೊಂಡಿರಲಾರಳು. ಆ ದಿವಸ ದೀಪದ ಬೆಳಕಿನಲ್ಲಿ, ಮಗಳ ಮೈಯಲ್ಲಿ, ತನ್ನದನ್ನು ಕಂಡಳು. ಫಲಿತಾಂಶದಲ್ಲಿ ನಮ್ಮ ಹುಡುಗಿ ನಾಲ್ಕನೆಯವಳಾದಳು. ತಾಯಿ ಅದನ್ನು ಕೇಳಿ, “ಆತಲ್ರಿ, ಉಣಲಿಕ್ಕೆ ಕರೀರಿ ಇನ್ನ” ಎಂದಳು.

ಹಿಂತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ನಿದ್ರೆ ಹತ್ತಲಿಲ್ಲ. ಉಗ್ರಾಣಕ್ಕೆ ಚೀಲ ಸಾಗಿಸುವಾಗ ಅದೇ ಬೆನ್ನನ್ನು ನಾವು ಹೊಗಳಿದ್ದೆವು. ನಮ್ಮ ಕಡೆಯಲ್ಲಿ ಹೆಣ್ಣುಮಕ್ಕಳು ಪರರಿಗಾಗಿ ಭಾರ ಹೊರುವದನ್ನು ನೋಡಿ ಯಾರೂ ನಾಚಿಲ್ಲ, ಯಾರೂ ತಡೆದಿಲ್ಲ. ಒಬ್ಬಳು ತನಗಾಗಿ ಭಾರ ಎತ್ತಿ, ‘ನೋಡಿರಿ, ಇದು ನನ್ನ ಬಲ’ ಎಂದು ನಿಂತಾಗ ಮಾತ್ರ ನಮ್ಮ ಮರ್ಯಾದೆಯ ನೆನಪಾಗುವದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಹದಿನೈದರಿಂದ ನಾಲ್ವತ್ತೊಂಬತ್ತು ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ೫೭ ಜನಕ್ಕೆ ರಕ್ತಹೀನತೆಯಿರುವದು. ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆಗೊಂಡು ಬೀಳುವ ಹುಡುಗಿಯರನ್ನು ನಾವು ಪ್ರತಿ ವರ್ಷವೂ ನೋಡುವೆವು. ಅವರಿಗೆ ನೀರು ಕುಡಿಸಿ, ನೆರಳಿನಲ್ಲಿ ಕೂಡ್ರಿಸಿ, ಆಮೇಲೆ ಮರೆಯುವೆವು. ದುರ್ಬಲತೆಯನ್ನು ಕಂಡು ನಮಗೆ ಎಂದೂ ಆಘಾತವಾಗಲಿಲ್ಲ.

ಈ ಸಂಚಿಕೆಯ ಕೆಲಸ ಆರಂಭವಾದಾಗ ನಾನೇ ಹೋಗಿ ಆಕೆಯನ್ನು ಕ್ಷಮೆ ಕೇಳಿ, ಆ ಚಿತ್ರವನ್ನು ಕೊಡೆಂದು ಬೇಡಿದೆನು. ಆಕೆ ನಕ್ಕು, “ಫೋಟೋ ಕೊಡ್ತೀನ್ರಿ. ಆದ್ರ ನನಗೊಂದು ಕೋಲಿ ಕೊಡ್ರಿ ಅಕ್ಕೋರ, ಆ ಜ್ವಾಳದ ಚೀಲ ಇಡೂ ಕೋಲಿ. ಹುಡುಗ್ಯಾರಿಗೆ ನಾ ಕಲಸ್ತೀನಿ” ಎಂದಳು. ಚಿತ್ರದ ವಿಷಯವಾಗಿ ನಮ್ಮ ಮಂಡಳಿಯಲ್ಲಿ ಒಮ್ಮತವಾಗಲಿಲ್ಲವೆಂಬದನ್ನು ಇಲ್ಲಿ ಹೇಳಿಬಿಡುವದು ಲೇಸು. ಇಬ್ಬರು ಹಿರಿಯರು ಇಂದಿಗೂ ಒಪ್ಪಿಲ್ಲ. ಅವರ ಅಭಿಪ್ರಾಯದಲ್ಲಿಯೂ ಮಕ್ಕಳ ಮೇಲಿನ ಕಳಕಳಿಯಿದೆ. ಹೊಣೆ ನನ್ನದೆಂದು ಹೇಳಿ ಚಿತ್ರವನ್ನು ಅಚ್ಚಿಗೆ ಕೊಟ್ಟಿರುವೆನು. ದಾದಿಯರ, ಶಿಕ್ಷಕಿಯರ ಸಾಲಿನಲ್ಲಿಯೇ ನೀವು ಅದನ್ನು ನೋಡುವಿರಿ.

ಕೋಣೆಯ ವಿಷಯದಲ್ಲಿ ಯಾರ ತಕರಾರೂ ಬರಲಿಲ್ಲ. ಉಗ್ರಾಣವನ್ನು ತೆರವು ಮಾಡಿ ಸುಣ್ಣ ಬಳಿಸಿದ್ದೇವೆ. ಸೋಮವಾರ, ಗುರುವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಎಂಟು, ಒಂಬತ್ತು, ಹತ್ತನೆಯ ಇಯತ್ತೆಯ ಹುಡುಗಿಯರಿಗೆ ಅಲ್ಲಿ ಪಾಠ. ಉಡುಪು ಸಾಮಾನ್ಯ ಸಲವಾರ. ಸ್ಪರ್ಧೆಯ ಮಾತು ಅಲ್ಲಿ ಇಲ್ಲ, ತೂಕ ಇಳಿಸುವ ಮಾತಂತೂ ಇಲ್ಲವೇ ಇಲ್ಲ. ಬಲ ಬೆಳೆಸುವದಷ್ಟೇ ಉದ್ದೇಶ. ದೊಡ್ಡವಳಾದ ಮೇಲೆ ಯಾವಳಾದರೂ ಸ್ಪರ್ಧೆಗೆ ಹೋಗುವೆನೆಂದರೆ, ಅದರ ಲಾಭವನ್ನೂ ಅಪಾಯವನ್ನೂ ತಿಳಿದು ಅವಳೇ ನಿಶ್ಚಯಿಸಲಿ.

ಪಾಲಕರಲ್ಲಿ ನನ್ನ ವಿನಂತಿ ಎರಡೇ. ಮಗಳು ಮನೆಗೆ ಬಂದು ಹಸಿವೆಯೆಂದರೆ, ತಮ್ಮನಿಗೆ ಕೊಟ್ಟಷ್ಟೇ ತತ್ತಿಯನ್ನೂ ಹಾಲನ್ನೂ ಅವಳಿಗೂ ಕೊಡಿರಿ. ‘ಇದೇನು ಗಂಡುಬೀರಿಯ ಕೆಲಸ?’ ಎಂದು ನೆರೆಯವರು ಕೇಳಿದರೆ, ಉತ್ತರ ಹೇಳುವದಕ್ಕೆ ನಿಮಗೆ ತೋಚದಿದ್ದರೆ, ಅವರನ್ನು ನನ್ನ ಕೋಣೆಗೆ ಕಳಿಸಿರಿ. ಇದರಲ್ಲಿ ತಪ್ಪೇನೆಂದು ಆ ಹುಡುಗಿ ಕೇಳಿದ ಪ್ರಶ್ನೆಗೆ ೨೦೧೮ರಲ್ಲಿ ನಾನು ಉತ್ತರ ಕೊಡಲಿಲ್ಲ. ಈಗ ಕೇಳಬಂದವರಿಗೆ ಕೊಡುವೆನು.